ಸುಣ್ಣ ಕಟ್ಟಿದ ನಲ್ಲಿ

ಹೆಂಡತಿ ಮೊಮ್ಮಗುವನ್ನು ನೋಡಿಕೊಳ್ಳಲು ಮಗಳ ಮನೆಗೆ ಹೋದ ಮೇಲೆ ಲೈಬ್ರೇರಿಯನ್ ಸಾಹೇಬರ ಜೊತೆ ಬಾಯಿಬಿಟ್ಟು ಮಾತಾಡುವವರೇ ಇರಲಿಲ್ಲ. ಹಗಲೆಲ್ಲ ಓದುವವರಿಗೆ ‘ಶ್’ ಎನ್ನುವುದೇ ಅವರ ಉದ್ಯೋಗ. ಸಂಜೆ ಬಂದರೆ ಮನೆಯೇ ಅವರಿಗೆ ‘ಶ್’ ಎನ್ನುತ್ತಿತ್ತು. ಹೆಂಡತಿ ಫೋನ್ ಮಾಡಿದರೂ, “ಊಟ ಆಯ್ತಾ? ಸರಿ, ಇಡ್ತೀನಿ” ಎನ್ನುವಲ್ಲಿಗೆ ದಾಂಪತ್ಯ ಸಂಭಾಷಣೆ ಸಮಾಪ್ತಿ.

ಅಷ್ಟರಲ್ಲಿ ಅಡುಗೆಮನೆಯ ನಲ್ಲಿ ಕೈಕೊಟ್ಟಿತು. ಆ ಬಡಾವಣೆಯದು ಬೋರ್‌ವೆಲ್ಲಿನ ಗಡಸು ನೀರು. ಕಾಯಿಸಿದ ಪಾತ್ರೆಗೆಲ್ಲ ಬಿಳಿ ಪದರ, ಸೋಪಿಗೆ ನೊರೆಯೇ ಬಾರದು. ನಲ್ಲಿಯ ಬಾಯಿಯ ಜಾಲರಿಗೆ ಸುಣ್ಣ ಕಟ್ಟಿ, ನೀರು ನೆಗಡಿಯ ಮೂಗಿನಂತೆ ತೊಟ್ಟಿಕ್ಕತೊಡಗಿತು.

ಫೋನಿನಲ್ಲಿ ಹೇಳಿದ್ದೇ ತಡ, ಹೆಂಡತಿ ಅರ್ಧ ಗಂಟೆ ಬೈದರು. “ನಾನಿಲ್ಲದೆ ಒಂದು ನಲ್ಲಿ ನೋಡ್ಕೊಳ್ಳೋಕೆ ಆಗಲ್ವಾ ನಿಮ್ಮ ಕೈಲಿ? ಜಾಲರಿ ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿ.” ಸಾಹೇಬರಿಗೆ ಹೊಟ್ಟೆ ತುಂಬಿದಂತಾಯಿತು. (ಬೈಗುಳವಾದರೇನು, ಪೂರ್ಣ ವಾಕ್ಯಗಳಲ್ಲಿತ್ತು.)

ನೆನೆಹಾಕಿದರು. ಬೆಳಗಾಗುವಷ್ಟರಲ್ಲಿ ಸುಣ್ಣ ಕರಗಿ, ನೀರು ಧೋ ಎಂದು ಬಂತು. ಆದರೆ ಸಂಜೆ ಅವರ ಬಾಯಿಂದ ಬಂದದ್ದೇ ಬೇರೆ: “ಸರಿಹೋಗಲಿಲ್ಲ ಕಣೇ. ಈಗ ಹಿಡೀನೂ ತಿರುಗ್ತಿಲ್ಲ.” ಮತ್ತೆ ಅರ್ಧ ಗಂಟೆ ಭರ್ಜರಿ ಬೈಗುಳ. ಮಾರನೆಯ ದಿನ ವಾಷರ್ ಸವೆಯಿತು. ಆಮೇಲೆ ಬಚ್ಚಲಿನ ನಲ್ಲಿಗೂ ರೋಗ ಹರಡಿತು. ಸುಣ್ಣಕ್ಕಿಂತ ದಪ್ಪಗೆ ಸುಳ್ಳು ಕಟ್ಟಿತು.

ಒಂದು ಭಾನುವಾರ ಬಾಗಿಲು ತೆರೆದರೆ ಪ್ಲಂಬರ್. “ಅಮ್ಮಾವ್ರು ಹೇಳಿ ಕಳಿಸಿದ್ರು ಸಾರ್.” ನಲ್ಲಿ ತಿರುಗಿಸಿದ, ನೀರು ಚಿಮ್ಮಿ ಅವನ ಅಂಗಿಯನ್ನೇ ತೋಯಿಸಿತು. ಆಗಲೇ ಅವನಿಗೆ ಅಮ್ಮಾವ್ರ ಫೋನು. ‘ಕೆಟ್ಟಿದೆ ಅನ್ನು’ ಎಂಬ ಸನ್ನೆಯಲ್ಲಿ ಸಾಹೇಬರು ಎದುರು ನಿಂತು ಎರಡೂ ಕೈ ಆಡಿಸಿದರು. ನೊಣ ಓಡಿಸುತ್ತಿದ್ದಾರೆ ಎಂದುಕೊಂಡ ಅವನು ಪಕ್ಕಕ್ಕೆ ಸರಿದ.

“ಎಲ್ಲಾ ನಲ್ಲೀನೂ ಚೆನ್ನಾಗಿವೆ ಅಮ್ಮಾ. ಸಾರೇ ಸರಿ ಮಾಡ್ಕೊಂಡಿದ್ದಾರೆ,” ಎಂದು ಫೋನನ್ನು ಸಾಹೇಬರ ಕೈಗಿತ್ತ.

ಹೆಂಡತಿಯ ದನಿ ಎಂದಿಲ್ಲದಷ್ಟು ಮೆತ್ತಗಿತ್ತು. “ಪರವಾಗಿಲ್ಲ ಕಣ್ರೀ, ಕಲಿತುಬಿಟ್ಟಿರಿ. ಪಾಪ, ಒಬ್ಬರೇ ಒದ್ದಾಡ್ತಿದ್ದೀರಿ ಅಂತ ನಾಳೆ ಬಸ್ಸಿಗೆ ಹೊರಟಿದ್ದೆ, ಬಟ್ಟೇನೂ ತುಂಬಿಟ್ಟಿದ್ದೆ. ಇನ್ನೇನು ಚಿಂತೆ ಇಲ್ಲ. ಮಗು ನಡೆಯೋವರೆಗೆ ಇಲ್ಲೇ ಇದ್ದು ಬರ್ತೀನಿ.”

ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಪ್ಲಂಬರ್ ಚೀಲವನ್ನು ಹೆಗಲಿಗೇರಿಸುತ್ತಿದ್ದ.

“ಸ್ವಲ್ಪ ಕೂತ್ಕೊಳ್ಳಪ್ಪ, ಕಾಫಿ ಮಾಡ್ತೀನಿ,” ಎಂದರು.

“ಇನ್ನೊಂದು ಮನೇಲಿ ಕಾಯ್ತಿದ್ದಾರೆ ಸಾರ್. ನಿಮ್ಮಲ್ಲಿ ಏನೂ ಕೆಟ್ಟಿಲ್ಲವಲ್ಲ,” ಎಂದು ಅವನು ಮೆಟ್ಟಿಲಿಳಿದು ಹೋದ.