ಅಜ್ಜಿಯ ಮರೆವು, ಅಜ್ಜಿಯ ಕೀಲಿಕೈ

ಕೊಪ್ಪಳದ ನಮ್ಮ ಮನೆಯಲ್ಲಿ ನಗು ದಿನಾ ಅಡಿಗೆಮನೆಯಿಂದಲೇ ಹೊರಡುತ್ತಿತ್ತು, ಯಾಕೆಂದರೆ ಅಜ್ಜಿಗೆ ಮರೆವು ಶುರುವಾಗಿತ್ತು. ಆಗ ನಿಜಾಮರ ಕಾಲ. ನಾನು ಸಿಕಂದರಾಬಾದಿನ ಇಂಗ್ಲಿಷ್ ಶಾಲೆ ಮುಗಿಸಿ ಊರಿಗೆ ಮರಳಿದ್ದೆ. ಗಂಡಸರ ಮುಂದೆ ಬಾಯಿ ಬಿಡಲು ನಾಚಿಕೆ. ಹಾಗಾಗಿ ಸುಮ್ಮನೆ ಕೂತು ನೋಡುವುದೇ ನನ್ನ ಕೆಲಸ.

ಬೆಲ್ಲ-ನೀರು

ಹೊಳೆದಂಡೆಯ ಹುಲಿಗಿ ಜಾತ್ರೆಗೆ ಹೊರಟಿದ್ದ ಅಜ್ಜಿಯ ತಮ್ಮ ಕುಷ್ಟಗಿಯಿಂದ ಬಂದು ಪಡಸಾಲೆಯಲ್ಲಿ ಕೂತ. ಅಜ್ಜಿ ಬೆಲ್ಲ-ನೀರು ಕೊಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬಂದವಳೇ, "ಅಯ್ಯ ತಮ್ಮಾ, ಯಾವಾಗ ಬಂದಿ? ಬೆಲ್ಲ ತಿನ್ನು, ನೀರು ಕುಡಿ" ಅಂದಳು. ಅಕ್ಕ ಕೊಟ್ಟದ್ದನ್ನು ಬೇಡ ಅನ್ನುವುದುಂಟೇ? ಅವನು ತಿಂದ. ಮತ್ತೆ ಬಂದಳು, ಮತ್ತೆ ತಿಂದ. ಕೊನೆಗೆ ಹೊಟ್ಟೆ ಹಿಡಿದುಕೊಂಡು ಎದ್ದ. "ಅಕ್ಕಾ, ನಾ ಬರ್ತೀನಿ."

ಅಜ್ಜಿ ಸಿಟ್ಟಾದಳು. "ಬಂದಾವ ಒಂದು ತುಣುಕು ಬೆಲ್ಲಾನೂ ತಿನ್ನದ ಹೊಂಟಿಯೇನು?"

ಕಳ್ಳರಿಗೆ ಸಿಗದ ಜಾಗ

ಉಗ್ರಾಣದ ಕೀಲಿಕೈ ಗೊಂಚಲು ಸದಾ ಅಜ್ಜಿಯ ಸೊಂಟದಲ್ಲಿ. ಅದು ಝಣ್ ಅಂದರೆ ಬೆಕ್ಕು ಕೂಡ ದಾರಿ ಬಿಡುತ್ತಿತ್ತು. ಒಂದು ದಿನ ಅದೇ ಮಾಯ. ಅಜ್ಜಿ ಎಲ್ಲರನ್ನೂ ಬೈದಳು, ಅಜ್ಜನನ್ನು ಸ್ವಲ್ಪ ಹೆಚ್ಚು. ಸಂಜೆ ಅವ್ವ ರೊಟ್ಟಿಗೆ ಹಿಟ್ಟು ತೆಗೆಯಲು ಹೋದರೆ, ಗೊಂಚಲು ಹಿಟ್ಟಿನ ಡಬ್ಬಿಯಲ್ಲಿ!

"ನಾನ ಇಟ್ಟಿದ್ದೆ, ಕಳ್ಳರಿಗೆ ಸಿಗಬಾರದಂತ" ಅಂದಳು ಅಜ್ಜಿ. "ನೋಡು, ಇಟ್ಟಾಕಿಗೇ ಸಿಗಲಿಲ್ಲ ಅಂದ್ರ ಕಳ್ಳರಿಗೆ ಹೆಂಗ ಸಿಗಬೇಕು!"

ಡಾಕ್ಟರರ ಪರೀಕ್ಷೆ

ಅಪ್ಪ ನಗಲಿಲ್ಲ. "ದವಾಖಾನಿ ಡಾಕ್ಟರ್ ಬಂದು ನೋಡಲಿ. ನೆನಪು ಹೋಗೇತಿ ಅಂದ್ರ ಕೀಲಿಕೈ ನಿನ್ನ ಸೊಂಟಕ್ಕ" ಅಂತ ಅವ್ವನಿಗೆ ಹೇಳಿದ.

ಅವ್ವನ ಕಣ್ಣು ತುಂಬಿತು. "ಅದನ್ನ ಕಸಗೊಂಡ್ರ ಅತ್ತಿಯವರು ಹಾಸಿಗಿ ಬಿಟ್ಟು ಏಳಂಗಿಲ್ರಿ."

ಡಾಕ್ಟರು ನಮ್ಮ ಕಡೆಯವರೇ, ಆದರೆ ಓದಿದ್ದೆಲ್ಲ ಹೈದರಾಬಾದಿನಲ್ಲಿ, ಇಂಗ್ಲಿಷ್ ಪುಸ್ತಕದಲ್ಲಿ. "ವಯಸ್ಸಾದಂಗ ರಕ್ತನಾಳ ಗಟ್ಟಿ ಆಗ್ತಾವ, ಮೆದುಳು ಕುಗ್ಗತೈತಿ. ಹೊಸದು ಮೊದಲು ಹೋಗತೈತಿ, ಹಳೇದು ಉಳೀತೈತಿ" ಅಂದರು. ಮಾಳಿಗೆಯ ಮಣ್ಣೂ ಹಾಗೇ ಅಲ್ಲವೇ, ಹೋದ ವರ್ಷ ಹಾಕಿದ್ದೇ ಮೊದಲ ಮಳೆಗೆ ಕೊಚ್ಚಿ ಹೋಗುತ್ತದೆ ಅಂದುಕೊಂಡೆ.

"ಅಮ್ಮಾರ, ಇಲ್ಲಿ ಆಳೋರು ಯಾರು?" ಎಂದು ಅಜ್ಜಿಯ ನೆನಪು ಪರೀಕ್ಷಿಸಲು ಕೇಳಿದರು.

"ಈ ಮನ್ಯಾಗೇನು? ನಾನ!"

ಡಾಕ್ಟರು ಕೆಮ್ಮಿದರು. "ಯಜಮಾನರ ಹೆಸರು?"

ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಜೋರಾಗಿ ಕೇಳಿದರು. ಅಜ್ಜಿ ಗೋಡೆಯ ಕಡೆ ತಿರುಗಿದಳು. "ಗಂಡನ ಹೆಸರೂ ಉಳಿದಿಲ್ಲ" ಎಂದು ಡಾಕ್ಟರು ತಲೆ ಅಲ್ಲಾಡಿಸಿದರು. ಅಪ್ಪ ಗೊಂಚಲಿಗೆ ಕೈ ಚಾಚಿದ. ಅಜ್ಜಿ ಅದನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು.

ನನ್ನ ಬಾಯಿಂದ ಮಾತು ಹೇಗೆ ಬಂತೋ ಕಾಣೆ. "ಗಂಡನ ಹೆಸರು ಹಂಗ ಹೇಳಂಗಿಲ್ರಿ. ಹೆಸರು ಸೇರಿಸಿ ಪದ ಕಟ್ಟಿ ಒಡಪು ಹಾಕಂತ ಕೇಳ್ರಿ."

ಕೇಳಿದರು. ಅಜ್ಜಿ ಕುಪ್ಪಸ ಸರಿಮಾಡಿಕೊಂಡು, ಮದುವೆ ಮನೆಯ ಹೊಸ್ತಿಲಲ್ಲಿ ನಿಂತವಳಂತೆ ರಾಗ ಎಳೆದಳು:

"ಹುಲಿಗಿ ಹೊಳಿಯಾಗ ಮಿಂದು ಬಂದ್ರೂ ಇಳಿಲಿಲ್ಲ ಸಿಟ್ಟಿನ ಕಾವು,
ಬಸಪ್ಪನವರ ಕೈ ಹಿಡಿದೀವಿ, ಇನ್ನೇನು ಮಾಡೋಣು ನಾವು!"

ಮೂಲೆಯಲ್ಲಿ ಎಲೆ-ಅಡಿಕೆ ಜಗಿಯುತ್ತಿದ್ದ ಅಜ್ಜ ಜಗಿಯುವುದನ್ನೇ ಬಿಟ್ಟ.

ಡಾಕ್ಟರು ನಕ್ಕರು. "ಕೀಲಿಕೈ ಇವರ ಕಡೇನ ಇರಲಿ. ಇನ್ನೊಂದು ಗೊಂಚಲು ಮಾಡಿಸಿ ಸೊಸಿಗೆ ಕೊಡ್ರಿ."

"ನಿಲ್ರಿ" ಅಂದಳು ಅಜ್ಜಿ. "ಈಗ ನೀವು ನಿಮ್ಮ ಹೆಂಡ್ತಿ ಹೆಸರು ಹೇಳ್ರಿ, ಒಡಪಿನಾಗ."

ಡಾಕ್ಟರು ಕೆಂಪಾದರು. "ಹಿತ್ತಲದಾಗ ಮಲ್ಲಿಗಿ... ಮಲ್ಲಿಗಿ..." ಅಲ್ಲಿಗೇ ನಿಂತರು. ಬೆವರು ಒರೆಸಿಕೊಂಡರು.

ಅಜ್ಜಿ ಮಗನ ಕಡೆ ವಾಲಿ, ಓಣಿಗೆಲ್ಲ ಕೇಳುವಂತೆ ಪಿಸುಗುಟ್ಟಿದಳು:

"ಪಾಪ, ಇಷ್ಟು ಸಣ್ಣ ವಯಸ್ಸಿಗೇ ಮೆದುಳು ಕುಗ್ಗೇತಿ! ಬೆಲ್ಲ-ನೀರು ಕೊಟ್ಟು ಮನಿ ತನಕ ಕೈ ಹಿಡದು ಬಿಟ್ಟು ಬಾ."