ಸೇಬಿನ ಖಿರಾಪತ್

ಹೊಟ್ಟೆಕಿಚ್ಚು ಪಡಬಾರದು ಎಂದು ಬುದ್ಧಿ ಹೇಳುವವರನ್ನು ನಾನು ಬಹಳ ಜನ ನೋಡಿದ್ದೇನೆ. ಅವರಲ್ಲಿ ಯಾರಿಗೂ ಹದಿನಾರು ವರ್ಷ ಚಿಕ್ಕವಳಾದ ನೆಗೆಣ್ಣಿ ಇದ್ದಂತೆ ಕಾಣುವುದಿಲ್ಲ. ನನಗಿದ್ದಾಳೆ. ಹೆಸರು ಪಲ್ಲವಿ, ನನ್ನ ಮೈದುನನ ಹೆಂಡತಿ, ಅಕ್ಕಲಕೋಟೆಯ ಮಗಳು. ಕೆಟ್ಟವಳೇನಲ್ಲ, ಅದೇ ನನ್ನ ಸಂಕಟ. ಸ್ವಲ್ಪ ಕೆಟ್ಟವಳಾಗಿದ್ದರೆ ಮನಸಾರೆ ಬೈದುಕೊಂಡು ಹಗುರಾಗಬಹುದಿತ್ತು. ಅವಳೋ ಕಸ ಗುಡಿಸುವಾಗಲೂ ನಗುತ್ತಾಳೆ, ನನ್ನ ಮೊಣಕಾಲಿಗೆ ಎಣ್ಣೆ ಕಾಸಿ ತಂದುಕೊಡುತ್ತಾಳೆ. ಅಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂಬುದು ಪಟ್ಟವರಿಗೇ ಗೊತ್ತು. ನಾನು ಆ ಕಷ್ಟವನ್ನು ಬಿಡದೆ ಪಡುತ್ತಿದ್ದೇನೆ.

ಸೋಲಾಪುರದ ನಮ್ಮ ಓಣಿಯಲ್ಲಿ ನವರಾತ್ರಿ ಬಂತೆಂದರೆ ಸಂಜೆ ಹೆಂಗಸರೆಲ್ಲ ಸೇರಿ ಭೋಂಡಲಾ ಆಡುತ್ತೇವೆ. ನಡುವೆ ಮಣೆಯ ಮೇಲೆ ಆನೆಯ ಚಿತ್ರ ಬರೆದಿಟ್ಟು, ಅದರ ಸುತ್ತ ಕೈ ಕೈ ಹಿಡಿದು ಹಾಡುತ್ತ ತಿರುಗುವುದು. ಹಾಡು ಮುಗಿದ ಮೇಲೆ ಖಿರಾಪತ್, ಅಂದರೆ ಎಲ್ಲರಿಗೂ ಹಂಚುವ ತಿನಿಸು. ಆದರೆ ಅದನ್ನು ಸುಮ್ಮನೆ ಹಂಚುವಂತಿಲ್ಲ. ಮಾಡಿದವಳು ಮುಚ್ಚಿದ ಡಬ್ಬಿ ತರಬೇಕು. ಉಳಿದವರು ಅದನ್ನು ಕಿವಿಯ ಹತ್ತಿರ ಅಲುಗಾಡಿಸಿ, ಸಪ್ಪಳ ಕೇಳಿ, ಒಳಗೇನಿದೆ ಎಂದು ಹೇಳಬೇಕು. ಹೇಳಿಬಿಟ್ಟರೆ ಮಾಡಿದವಳು ಸೋತಳು, ಯಾರಿಗೂ ಹೊಳೆಯದಿದ್ದರೆ ಆ ಸಂಜೆಗೆ ಅವಳೇ ರಾಣಿ. ನಾನು ಕನ್ನಡದ ಊರು ವಾಗದರಿಯಿಂದ ಮದುವೆಯಾಗಿ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಹಾಡಿಗೆ ಸುಮ್ಮನೆ ಬಾಯಿ ಆಡಿಸುತ್ತಿದ್ದೆ. ಆದರೆ ಡಬ್ಬಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಶೇಂಗಾ ಉಂಡೆಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟು ಸಪ್ಪಳವೇ ಬಾರದಂತೆ ಮಾಡಿದ್ದೇನೆ. ಒಂದು ವರ್ಷ ಮೆತ್ತನೆಯ ಹೋಳಿಗೆಯ ಜೊತೆ ನಾಲ್ಕು ಹುಣಸೆಬೀಜ ಹಾಕಿ ಎಲ್ಲರ ಕಿವಿಯನ್ನೂ ದಾರಿ ತಪ್ಪಿಸಿದ್ದೇನೆ. ಇದಕ್ಕೆ ಮೋಸ ಎನ್ನುತ್ತಾರೋ ಏನೋ, ನಾನು ಕಲೆ ಎಂದುಕೊಂಡಿದ್ದೆ. ಕರಜಗಿ ತವರಿನ ನಮ್ಮ ಅತ್ತೆ ಹೊಗಳುವುದರಲ್ಲಿ ಬಹಳ ಬಿಗಿ ಕೈಯವರು. ಅಂಥವರು ಕೂಡ ಬಂದವರ ಮುಂದೆ, ನಮ್ಮ ಸುಮಿತ್ರಾನ ಡಬ್ಬಿ ಯಾರಿಗೂ ಸಿಗೂದಿಲ್ಲ ಎನ್ನುತ್ತಿದ್ದರು. ಇಪ್ಪತ್ತೇಳು ವರ್ಷ ಆ ಮನೆಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ, ನಾನು ಅದರ ಮೇಲೆಯೇ ಬದುಕಿದ್ದೆ.

ಹೋದ ನವರಾತ್ರಿಯ ಎರಡನೆಯ ದಿನ ಭೋಂಡಲಾ ನಮ್ಮ ಮನೆಯಲ್ಲೇ ಇತ್ತು. ನಾನು ಮಧ್ಯಾಹ್ನವೆಲ್ಲ ಕೂತು ಎಳ್ಳು ಹುರಿದು, ಬೆಲ್ಲದ ಪಾಕ ಹಿಡಿದು, ಚೌಕಾಕಾರದ ಚಿಕ್ಕಿ ಕತ್ತರಿಸಿದ್ದೆ. ಪಲ್ಲವಿ ಹಾಡು ಶುರುವಾಗಲು ಸ್ವಲ್ಪ ಮುಂಚೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಪ್ಪಿನ ಡಬ್ಬಿ ಬೇಕು ಎಂಬ ನೆವದಿಂದ ನಾನು ಎರಡು ಸಲ ಬಾಗಿಲು ತಟ್ಟಿದೆ. ನಿಜ ಹೇಳುತ್ತೇನೆ, ಒಳಗೇನಿದೆ ಎಂದು ತಿಳಿದುಕೊಂಡು ಎಲ್ಲರಿಗಿಂತ ಮೊದಲು ಕೂಗಿ ಹೇಳುವುದೇ ನನ್ನ ಉದ್ದೇಶವಾಗಿತ್ತು. ಅವಳು ಬಾಗಿಲನ್ನು ಒಂದು ಕೈ ಹಿಡಿಯುವಷ್ಟು ತೆರೆದು ಉಪ್ಪು ಕೊಟ್ಟು, ಮತ್ತೆ ಹಾಕಿಕೊಂಡಳು. ಬೇಡವಾದ ಉಪ್ಪು ಹಿಡಿದುಕೊಂಡು ನಾನು ಹೊರಗೆ ನಿಂತೆ.

ಹಾಡು ಮುಗಿಯಿತು. ನನ್ನ ಡಬ್ಬಿಯನ್ನು ಎದುರುಮನೆಯ ಮಂದಾ ಕಾಕೂ ಒಂದೇ ಸಲ ಅಲುಗಾಡಿಸಿ, ಎಳ್ಳಿನ ಚಿಕ್ಕಿ ಎಂದುಬಿಟ್ಟರು. ಇಪ್ಪತ್ತೇಳು ವರ್ಷದ ರಾಜ್ಯಭಾರ ಒಂದು ಸಪ್ಪಳಕ್ಕೆ ಮುಗಿಯಿತು. ಆಮೇಲೆ ಪಲ್ಲವಿ ಹಿಟ್ಟು ಕಲಸುವ ದೊಡ್ಡ ಪರಾತವನ್ನು ಇನ್ನೊಂದು ಪರಾತದಿಂದ ಮುಚ್ಚಿ ತಂದಳು. ಇದನ್ನು ಅಲುಗಾಡಿಸುವ ಹಾಗಿಲ್ಲ, ಸುಮ್ಮನೆ ಊಹಿಸಿಯೇ ಹೇಳಬೇಕು ಎಂದಳು. ಲಾಡು ಎಂದರು, ಪೇಢೆ ಎಂದರು, ಯಾರೋ ಖಾರದ ಚುರುಮುರಿಯ ಭಡಂಗ್ ಎಂದೂ ಹೇಳಿ ನೋಡಿದರು. ಮುಚ್ಚಳ ತೆಗೆದಾಗ ಎಲ್ಲರೂ ಕತ್ತು ಉದ್ದ ಮಾಡಿದರು. ತೆಳ್ಳಗೆ ಹೆಚ್ಚಿದ ಸೇಬಿನ ಹೋಳುಗಳು ಒಂದರ ಮೇಲೊಂದು ಬಾಗಿ, ಸುತ್ತು ಸುತ್ತಾಗಿ ಕೂತಿದ್ದವು, ಕೆಂಪು ಸಿಪ್ಪೆ ಹಾಗೇ ಇತ್ತು. ಸಕ್ಕರೆಯನ್ನು ಕೆಂಪಗೆ ಕರಗಿಸಿ ಬೆಣ್ಣೆ, ಕೆನೆ ಬೆರೆಸಿದ ಪಾಕವನ್ನು ಅವುಗಳ ಮೇಲೆ ಎಳೆ ಎಳೆಯಾಗಿ ಬಿಟ್ಟಿದ್ದಳು. ಅದರ ಅಡ್ಡಡ್ಡ ಚಾಕೊಲೇಟಿನ ಎಳೆ. ಮೇಲೆ ಹುರಿದ ಶೇಂಗಾ ಚೂರು, ಒಣಕೊಬ್ಬರಿ, ಬಣ್ಣದ ಟೂಟಿಫ್ರೂಟಿ. ತಟ್ಟೆ ಇಲ್ಲ, ಚಮಚ ಇಲ್ಲ. ಸುತ್ತ ಕೂತವರೆಲ್ಲ ಕೈ ಚಾಚಿ ಒಂದೊಂದು ಹೋಳು ಎತ್ತಿಕೊಂಡರು. ಮೂರು ನಿಮಿಷದಲ್ಲಿ ಪರಾತ ಖಾಲಿ. ಕಟ್ಟಿಸಿದ ಹಲ್ಲಿನ ನಮ್ಮ ಅತ್ತೆ ಆರು ಹೋಳು ತಿಂದರು. ನಾನು ಎಣಿಸುತ್ತಿದ್ದೆ. ಆರನೆಯದನ್ನು ನುಂಗಿ ಅವರು ಹೇಳಿದ ಮಾತು ನನ್ನ ಎದೆಯಲ್ಲಿ ಈಗಲೂ ಚುಚ್ಚುತ್ತದೆ.

“ಇಷ್ಟ ವರ್ಷಕ್ಕ ಒಂದ ಹೊಸಾ ರುಚಿ ಬಾಯಾಗ ಬಿತ್ತು ನೋಡವಾ.”

ನನ್ನ ಚಿಕ್ಕಿ ಡಬ್ಬಿಯಲ್ಲೇ ಉಳಿದಿತ್ತು. ಎಷ್ಟು ಹೊತ್ತು ಹಿಡೀತು ಎಂದು ಯಾರೋ ಕೇಳಿದರೆ, ಪಲ್ಲವಿ ಹತ್ತು ನಿಮಿಷ ಎಂದಳು. ಒಂದು ತಾಸು ಎಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಮರುದಿನದಿಂದ ನನಗೆ ಸೇಬು ಕಂಡರೆ ಆಗದಂತಾಯಿತು. ಹಣ್ಣಿನ ಗಾಡಿಯವನು ಓಣಿಯಲ್ಲಿ ಕೂಗಿದರೆ ನನ್ನನ್ನೇ ಅಣಕಿಸಿದಂತೆ ಅನ್ನಿಸುತ್ತಿತ್ತು. ಮಾಡುವ ರೀತಿ ಕೇಳೋಣವೆಂದರೆ ಹಿರಿಯ ಸೊಸೆಯ ಮಾನ ಅಡ್ಡ ಬಂತು. ಕೊನೆಗೆ ನಮ್ಮವರ ಮುಂದೆ ಗೊಣಗಿದೆ. ಅವರಿಗೆ ನವಿ ಪೇಠೆಯಲ್ಲಿ ಬಟ್ಟೆ ಅಂಗಡಿ. ಲೋಕದ ಎಲ್ಲ ಕಷ್ಟಕ್ಕೂ ಅಂಗಡಿಯಿಂದಲೇ ಉತ್ತರ ತರುತ್ತಾರೆ. “ಎದುರಿನ ದುಕಾನದಾಗ ಹೊಸಾ ಮಾಲ ಬಂದ್ರ ನಾವು ಶಟರ್ ಎಳಕೊಂಡ ಕೂಡತೀವೇನು? ನಾವೂ ತರಸ್ತೀವಿ,” ಎಂದರು. ಮದುವೆಯಾದಾಗಿನಿಂದ ಅವರ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಎಂಟನೆಯ ದಿನದ ಭೋಂಡಲಾ ಅಕ್ಕಲಕೋಟೆಯಲ್ಲಿ, ಪಲ್ಲವಿಯ ತವರುಮನೆಯಲ್ಲಿ. ಅವಳ ತಾಯಿ ನಮ್ಮೆಲ್ಲರನ್ನೂ ಕರೆದಿದ್ದರು. ಪಲ್ಲವಿ ಎರಡು ದಿನ ಮೊದಲೇ ಹೋಗಿದ್ದರಿಂದ ಅಡುಗೆಮನೆ ನನ್ನ ಪಾಲಿಗೆ ಬಂತು. ಅವಳದ್ದಕ್ಕಿಂತ ಒಂದು ಕೈ ಹೆಚ್ಚಾಗಬೇಕೆಂದು ನಾನು ಎಲ್ಲವನ್ನೂ ಸುಧಾರಿಸಿದೆ. ಅತ್ತೆಯ ಹಲ್ಲಿಗೆ ಹಗುರಾಗಲೆಂದು ಸೇಬಿನ ಸಿಪ್ಪೆ ತೆಗೆದೆ. ಸಕ್ಕರೆಯ ಬದಲು ಕಾಕವಿ, ಅಂದರೆ ನಮ್ಮ ಜೋನಿಬೆಲ್ಲ, ಕೈ ಬಿಚ್ಚಿ ಸುರಿದೆ. ಮೇಲೆ ಶೇಂಗಾ, ಗೋಡಂಬಿ, ಖರ್ಜೂರ, ಗಸಗಸೆ, ಗುಲಕಂದ. ಪಲ್ಲವಿಯ ತಾಯಿಯ ಅಡುಗೆಮನೆಯಲ್ಲಿ ನಿಂತು ಮಾಡಿದರೆ ಗುಟ್ಟು ರಟ್ಟಾಗುತ್ತದೆ ಎಂದು ಬೆಳಿಗ್ಗೆಯೇ ಎಲ್ಲ ಮುಗಿಸಿ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿದೆ. ಖಿರಾಪತ್ ಎಂದ ಮೇಲೆ ಡಬ್ಬಿಯಲ್ಲೇ ಇರಬೇಕು ಎಂಬುದು ಇಪ್ಪತ್ತೇಳು ವರ್ಷದ ನನ್ನ ಅಭ್ಯಾಸ. ಹತ್ತು ನಿಮಿಷದಲ್ಲಿ ಮಾಡುವುದನ್ನು ಹತ್ತು ನಿಮಿಷದಲ್ಲೇ ತಿಂದುಬಿಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ನಾನು ಯಾರನ್ನೂ ಕೇಳಿರಲಿಲ್ಲ.

ಅತ್ತೆ, ಮಂದಾ ಕಾಕೂ, ನಾನು ಮೂವರೂ ಎಸ್‌ಟಿ ಬಸ್ಸು ಹತ್ತಿದೆವು. ಡಬ್ಬಿ ನನ್ನ ತೊಡೆಯ ಮೇಲೆ. ರಸ್ತೆಯ ಒಂದೊಂದು ಹೊಂಡಕ್ಕೂ ಅದು ಹಾರಿ ಕೂರುತ್ತಿತ್ತು. ಒಳಗಿನಿಂದ ಬರುವ ಸಪ್ಪಳ ಮೊದಮೊದಲು ಟಪ್ ಟಪ್ ಇದ್ದದ್ದು, ಅರ್ಧ ದಾರಿಗೆ ಚಳಕ್ ಪಳಕ್ ಆಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ಮಾತ್ರ ಅತ್ತೆ ಎಷ್ಟು ಹೋಳು ತಿಂದಾರು, ಏಳೋ ಎಂಟೋ ಎಂದು ಲೆಕ್ಕ ಹಾಕುತ್ತಿದ್ದೆ.

ಸಂಜೆ ಹಾಡು ಮುಗಿದು ನನ್ನ ಡಬ್ಬಿಯ ಸರದಿ ಬಂತು. ಮಂದಾ ಕಾಕೂ ಎರಡೂ ಕೈಯಿಂದ ಹಿಡಿದು, ಮಜ್ಜಿಗೆ ಕಡೆಯುವವರ ಹಾಗೆ ಅಲುಗಾಡಿಸಿದರು. ಉಳಿದವರೂ ಒಬ್ಬೊಬ್ಬರಾಗಿ ಅಲುಗಾಡಿಸಿದರು. ಕಡುಬಿನ ಹಾಲು ಎಂದರು, ಶ್ರೀಖಂಡ ಎಂದರು. ಪಲ್ಲವಿಯೂ ಡಬ್ಬಿಯನ್ನು ಕಿವಿಗೆ ಹಿಡಿದು, ನನ್ನ ಮುಖ ನೋಡಿ, ತಿಳಿಯಲಿಲ್ಲ ಎಂದು ತಲೆ ಅಲ್ಲಾಡಿಸಿ ಮುಂದಿನವರಿಗೆ ಕೊಟ್ಟಳು. ನನಗಾದ ಸಂತೋಷ ಹೇಳತೀರದು. ಗೆದ್ದೆ ಎಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಕಂದುಬಣ್ಣದ ನೀರಿನಲ್ಲಿ ಕಂದುಬಣ್ಣದ ಚೂರುಗಳು ತೇಲುತ್ತಿದ್ದವು, ಗಸಗಸೆ ಅಂಚಿಗೆ ಹತ್ತಿಕೊಂಡಿತ್ತು. ಎಲ್ಲರೂ ಬಗ್ಗಿ ನೋಡಿದರು. ಮುಚ್ಚಳ ತೆಗೆದ ಮೇಲೂ ಅದು ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಲಿಂಬೆಕಾಯಿಯ ಸಿಹಿ ಉಪ್ಪಿನಕಾಯಿಯೇ ಎಂದು ಪಲ್ಲವಿಯ ತಾಯಿ ಮೆಲ್ಲಗೆ ಕೇಳಿದರು. ಸೇಬು ಎಂದರೆ ಪಲ್ಲವಿಯದನ್ನು ಕದ್ದಂತೆ, ಉಪ್ಪಿನಕಾಯಿ ಎಂದರೆ ಮಾನ ಹೋದಂತೆ. ನಾನು ರಸಾಯನ ಎಂದುಬಿಟ್ಟೆ.

ಬಟ್ಟಲಿಗೆ ಹಾಕಿ ಚಮಚ ಕೊಟ್ಟು ಹಂಚಿದ್ದು ಪಲ್ಲವಿ. ರುಚಿ ಕೆಟ್ಟಿರಲಿಲ್ಲ, ಕಾಕವಿ ಎಲ್ಲವನ್ನೂ ಕ್ಷಮಿಸುತ್ತದೆ. ಅತ್ತೆ ಬಟ್ಟಲು ಖಾಲಿ ಮಾಡಿ, “ತಗದು ತೋರಿಸಿದ್ರೂ ಯಾರಿಗೂ ಹೊಳೀಲಿಲ್ಲ. ಈ ಸಲನೂ ನಮ್ಮ ಸುಮಿತ್ರಾನಽ ಗೆದ್ದಳು,” ಎಂದರು. ಬೇಕಾದ ಮಾತೇ ಬಂತು, ಆದರೆ ಯಾಕೋ ಸಿಹಿ ಹತ್ತಲಿಲ್ಲ. ಮಂದಾ ಕಾಕೂ ಮಾಡುವ ರೀತಿ ಬೇರೆ ಕೇಳಿದರು. ಮೊದಲು ಒಂದು ತಾಸು ಎಸ್‌ಟಿ ಬಸ್ಸಿನಲ್ಲಿ ಕುಣಿಸಬೇಕು ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡೆ.

ಡಬ್ಬಿ ತೊಳೆಯಲು ನಾನು ಹಿತ್ತಲಿಗೆ ಹೋದಾಗ ಪಲ್ಲವಿ ನೀರು ಹಾಕಲು ಬಂದಳು.

“ಅಕ್ಕಾರ, ಮುಂದಿನ ಸಲ ಸಫರಚಂದ ಹೆಚ್ಚಿದ ಕೂಡಲೇ ಉಪ್ಪಿನ ನೀರಾಗ ಒಂದೀಟ ಅದ್ದಿ ತಗೀರಿ. ಕಪ್ಪಾಗೂದಿಲ್ಲ.”

ಸೇಬಿಗೆ ನಮ್ಮ ಕಡೆ ಸಫರಚಂದ ಎನ್ನುತ್ತಾರೆ. ಆ ದಿನ ಬಾಗಿಲ ಸಂದಿಯಿಂದ ಅವಳು ನನಗೆ ಕೊಟ್ಟ ಉಪ್ಪು ಯಾತಕ್ಕೆ ಅವಳ ಕೈಯ ಹತ್ತಿರವೇ ಇತ್ತು ಎಂಬುದು ನನಗೆ ಆಗ ಹೊಳೆಯಿತು. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಡಬ್ಬಿ ಕೈಗೆ ಬಂದಾಗಲೇ, ವಾಸನೆಗೇ ಗೊತ್ತಾಯಿತು ಎಂದಳು.

“ಮತ್ತ ಯಾಕ ಹೇಳಲಿಲ್ಲ?”

“ನಿಮ್ಮ ಡಬ್ಬಿ ಅಲ್ಲೇನ್ರೀ ಅಕ್ಕಾರ,” ಎಂದು ಇನ್ನೊಂದು ತಂಬಿಗೆ ನೀರು ಸುರಿದಳು.

ನಾನಾಗಿದ್ದರೆ ಇಡೀ ಅಕ್ಕಲಕೋಟೆಗೆ ಕೇಳುವಂತೆ ಕೂಗುತ್ತಿದ್ದೆ. ಅವಳ ಸೇಬಿನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ಹೊತ್ತೇ ಆರಿತು, ಮತ್ತು ಆ ಹೊತ್ತೇ ಅವಳ ಒಳ್ಳೆಯತನದ ಮೇಲೆ ಹೊಸದಾಗಿ ಹೊತ್ತಿಕೊಂಡಿತು. ಇದರಲ್ಲೂ ಅವಳೇ ಮುಂದಾಗಬೇಕೇ? ಈಗ ಮತ್ತೆ ನವರಾತ್ರಿ ಬಂದಿದೆ. ಈ ಸಲ ಅವಳ ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಿದ್ದರೂ ತುಟಿ ಬಿಚ್ಚಬಾರದು, ಅವಳೇ ಗೆಲ್ಲಲಿ ಎಂದು ಗಟ್ಟಿಯಾಗಿ ನಿಶ್ಚಯಿಸಿದ್ದೇನೆ. ಆದರೆ ಗೊತ್ತಿದ್ದೂ ಸುಮ್ಮನಿರಬೇಕಾದರೆ ಮೊದಲು ಗೊತ್ತಾಗಬೇಕಲ್ಲ. ಅದಕ್ಕೇ ಬೆಳಗಿನಿಂದ ಅಡುಗೆಮನೆಯ ಬಾಗಿಲ ಬಳಿಯೇ ಕೂತಿದ್ದೇನೆ, ಉಪ್ಪು ಕೇಳಿದ್ದು ಇದು ಮೂರನೆಯ ಸಲ.