ಮಾಸ್ಕಿನ ಮೇಲೆ ಮೀಸೆ ಅಂಟಿಸಿದ ಮಹಾರಾಜ

ನಮ್ಮ ಮನೆಯಲ್ಲಿ ಒಬ್ಬ ಮಹಾರಾಜನಿದ್ದಾನೆ. ನಗಬೇಡಿ, ನಿಜ! ಮೈಸೂರಿನ ಅರಮನೆಯವರು ಹೊಟ್ಟೆಕಿಚ್ಚು ಪಡುವಂಥದ್ದೇನೂ ಇಲ್ಲ. ಇವನ ಸಾಮ್ರಾಜ್ಯ ಪಡಸಾಲೆಯಲ್ಲಿ ಶುರುವಾಗಿ ತಿಪ್ಪೆಗುಂಡಿಯಲ್ಲಿ ಮುಗಿಯುತ್ತದೆ. ಪ್ರಜೆಗಳೆಂದರೆ ಎರಡು ಹಸು, ಒಂದು ಕರು, ಅವನ ಹೆಂಡತಿ, ಮತ್ತೆ ನಾನು. ನಾನು ಅವನ ಅತ್ತಿಗೆ. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ರಾಜಮಾತೆ ಅಂತೆ. ರಾಜಮಾತೆಯೇ ಸಗಣಿ ಬಾಚುವ ರಾಜ್ಯವನ್ನು ನೀವು ಇನ್ನೆಲ್ಲಾದರೂ ಕಂಡಿದ್ದೀರಾ?

ಈ ನನ್ನ ಮೈದುನ ಪಾಂಡವಪುರದ ಕಡೆಯ ನಾಲೆಯಲ್ಲಿ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ತೆಗೆದು ಮುಚ್ಚುವ ಕೆಲಸ. ಹಗಲೆಲ್ಲ ಜನರ ಬೈಗುಳ ತಿನ್ನುವ ಮನುಷ್ಯನಿಗೆ ನಾಟಕದಲ್ಲಾದರೂ ಇನ್ನೊಬ್ಬರನ್ನು ಬೈಯುವ ಆಸೆ! ನಮ್ಮ ಸೀಮೆಯ ಗಂಡಸರಿಗೆ ಪೌರಾಣಿಕ ನಾಟಕದ ಹುಚ್ಚು ಹಿಡಿದರೆ ಯಾವ ಡಾಕ್ಟರೂ ಬಿಡಿಸಲಾರ. ಆದರೆ ಮೂವತ್ತು ವರ್ಷ ಊರಿನವರು ಇವನಿಗೆ ಕೊಟ್ಟಿದ್ದು ದ್ವಾರಪಾಲಕನ ಪಾತ್ರ. ಭರ್ಜಿ ಹಿಡಿದು ನಿಲ್ಲಬೇಕು. ಮಾತಿಲ್ಲ, ಪದ್ಯವಿಲ್ಲ. ಒಂದು ಸಲ ಅವನ ಮಗಳು, ಆಗಿನ್ನೂ ಆರು ವರ್ಷದ ಕೂಸು, ನಾಟಕ ಮುಗಿದ ಮೇಲೆ ಎಲ್ಲರೆದುರಿಗೆ ಕೇಳಿಬಿಟ್ಟಳು: “ಅಪ್ಪಾ, ಎಲ್ರೂ ಮಾತಾಡುದ್ರು, ನೀನ್ಯಾಕೆ ಸುಮ್ಕೆ ನಿಂತಿದ್ದೆ? ಬೈದ್ಬುಟ್ರಾ?”

ಊರೆಲ್ಲ ನಕ್ಕಿತು. ಅವನೂ ನಕ್ಕ. ಅಂದಿನಿಂದ ಒಂದೇ ಹಠ: ಒಂದು ಸಲ ರಾಜಪಾರ್ಟು ಮಾಡಬೇಕು, ಅದನ್ನು ಮಗಳು ನೋಡಬೇಕು.

ಕೊನೆಗೂ ಒಂದು ವರ್ಷ ರಾಜಪಾರ್ಟು ಸಿಕ್ಕಿತು. ಅಷ್ಟರಲ್ಲಿ ಮಗಳು ಮದುವೆಯಾಗಿ ಮುಂಬಯಿ ಸೇರಿದ್ದಳು. ಅಳಿಯ ಕೆ.ಆರ್. ಪೇಟೆ ಕಡೆಯವನು, ಅಲ್ಲಿ ಸಣ್ಣದೊಂದು ಕ್ಯಾಂಟೀನು ಇಟ್ಟಿದ್ದ. ನಾಟಕಕ್ಕೆ ಬರಲು ಇಬ್ಬರಿಗೂ ಟಿಕೆಟ್ ಆಗಿತ್ತು. ನಾಗಮಂಗಲದಿಂದ ಬಾಡಿಗೆ ಡ್ರೆಸ್ಸಿನ ಪೆಟ್ಟಿಗೆಯೂ ಬಂದಿಳಿಯಿತು. ಹಿಂದೆಯೇ ಲಾಕ್‌ಡೌನ್! ನಾಟಕ ನಿಂತಿತು, ಬಸ್ಸು ನಿಂತಿತು, ರೈಲು ನಿಂತಿತು. ನಿಲ್ಲದವನು ಇವನೊಬ್ಬನೇ.

“ಅತ್ಗೆ, ಪೆಟ್ಗೇಲೇ ಇದ್ರೆ ಬಟ್ಟೆ ಮುಗ್ಗು ಇಡೀತದೆ. ಗಾಳಿಗಾಕ್ಬೇಕು.”

“ಅಗ್ಗದ ಮ್ಯಾಲೆ ಆಕಪ್ಪ,” ಅಂದೆ.

ಹಗ್ಗದ ಮೇಲೆ ಹಾಕಲಿಲ್ಲ. ಮೈಮೇಲೆ ಹಾಕಿಕೊಂಡ!

ಚಮಕಿ ಅಂಗಿ, ಭುಜಕೀರ್ತಿ, ರಟ್ಟಿನ ಕಿರೀಟ. ಬೆಳಗ್ಗೆ ಎದ್ದರೆ ಕಾಫಿ ಕೇಳುವ ಬದಲು “ಯಾರಲ್ಲಿ?” ಎಂದು ಗುಡುಗುತ್ತಿದ್ದ. ಪಟ್ಟದ ರಾಣಿ ಒಲೆ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು: “ಇನ್ಯಾರಿದ್ದಾರು, ನಾನೇ ಇರೋದು! ಕಾಯಿ ತುರ್ದುಕೊಟ್ರೆ ಚಟ್ನಿ, ಇಲ್ದಿದ್ರೆ ಬರೀ ರೊಟ್ಟಿ.” ಮಹಾರಾಜರು ಕಿರೀಟ ತೆಗೆಯದೆ ಕಾಯಿ ತುರಿದರು. ಆ ದಿನಗಳಲ್ಲಿ ಯಾವ ಮನೆಗೆ ಹೋದರೂ ಗಂಡಸರು ಕೂತಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದರು. ನಮ್ಮವನು ಕಿರೀಟ ಇಟ್ಟುಕೊಂಡು ಕೊಡುತ್ತಿದ್ದ, ಅಷ್ಟೇ ವ್ಯತ್ಯಾಸ.

ಡೈರಿಗೆ ಹಾಲು ಹಾಕಲು ಮಾಸ್ಕ್ ಬೇಕು. ಮಾಸ್ಕ್ ಹಾಕಿದರೆ ಮೀಸೆ ಕಾಣುವುದಿಲ್ಲ. ಮೀಸೆ ಕಾಣದ ಮೇಲೆ ಅವನೆಂಥ ರಾಜ? ಪೆಟ್ಟಿಗೆಯಲ್ಲಿದ್ದ ಹುರಿಮೀಸೆಯನ್ನು ಮಾಸ್ಕಿನ ಮೇಲೆಯೇ ಅಂಟಿಸಿಕೊಂಡು ಹೊರಟ! ಡೈರಿ ಮುಂದೆ ಸುಣ್ಣದಲ್ಲಿ ಬರೆದ ವೃತ್ತ ದಾಟಿದವರಿಗೆ ಗದೆ ತೋರಿಸುತ್ತಿದ್ದ.

ಇನ್ನೊಂದು ದಿನ ಅದೇ ವೇಷದಲ್ಲಿ ಗದ್ದೆ ನೋಡಲು ನಾಲೆಯ ಏರಿ ಹಿಡಿದು ಹೋದ. ಪೊಲೀಸಪ್ಪ ಅಡ್ಡ ಹಾಕಿ “ಪಾಸೆಲ್ಲಿ?” ಅಂದನಂತೆ. “ತನ್ನ ರಾಜ್ಯದಲ್ಲೇ ರಾಜನಿಗೆ ಪಾಸೇ?” ಅಂದನಂತೆ ಇವನು. ಮುಂದಿನದನ್ನು ಅವನು ಹೇಳಲಿಲ್ಲ, ಕುರಿ ಮೇಯಿಸುತ್ತಿದ್ದವನು ಹೇಳಿದ. ಮಹಾರಾಜರು ಇಪ್ಪತ್ತು ಬಸ್ಕಿ ಹೊಡೆದರಂತೆ. ಒಂದು ಕೈಯಲ್ಲಿ ಕಿವಿ, ಇನ್ನೊಂದು ಕೈಯಲ್ಲಿ ಕಿರೀಟ!

ಇಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಮುಂಬಯಿಯಿಂದ ಜನ ಬರುತ್ತಿದ್ದಾರೆ, ರೋಗ ತರುತ್ತಿದ್ದಾರೆ ಎಂದು ಟೀವಿಯವರು ಬಾಯಿ ಬಡಿದುಕೊಂಡರು. ಊರಿನ ಗಂಡಸರೆಲ್ಲ ಕಟ್ಟೆಯ ಮೇಲೆ ಒಬ್ಬರ ತೊಡೆ ಮೇಲೊಬ್ಬರು ಕೂತರು. ಯಾಕೆ? ಜನ ದೂರ ದೂರ ಇರಬೇಕೆಂದು ತೀರ್ಮಾನ ಮಾಡಲು! ರಸ್ತೆಗೆ ಮುಳ್ಳು ಹಾಕುವುದೋ ಬೇಡವೋ ಎಂದು ಗೊಣಗುತ್ತಿದ್ದಾಗ ಇವನು ಎದ್ದು ಎದೆಯುಬ್ಬಿಸಿದ: “ಹಾಕಿರಿ ಮುಳ್ಳು! ಹೊರಗಿನ ಒಂದು ನರಪಿಳ್ಳೆಯೂ ನಮ್ಮ ರಾಜ್ಯವನ್ನು ಪ್ರವೇಶಿಸಕೂಡದು!”

ಊರು ಚಪ್ಪಾಳೆ ತಟ್ಟಿತು. ಮೂವತ್ತು ವರ್ಷದಲ್ಲಿ ಅವನಿಗೆ ಬಿದ್ದ ಮೊದಲ ಚಪ್ಪಾಳೆ. ಗಾಳಿಯಲ್ಲಿ ತೇಲಿಕೊಂಡು ಮನೆಗೆ ಬಂದ.

“ನಿನ್ ಮಗ್ಳು ಯಾವೂರಲ್ಲವ್ಳೆ ಕಣ್ಲಾ?” ಅಂದೆ.

“ಅವ್ಳೆಂಗೆ ಬತ್ತಾಳೆ ಅತ್ಗೆ, ರೈಲೇ ಇಲ್ವಲ್ಲ?”

ಹತ್ತು ದಿನಕ್ಕೆ ಫೋನು ಬಂತು. ಕ್ಯಾಂಟೀನು ಮುಚ್ಚಿ, ಯಾರದೋ ಗಾಡಿಯಲ್ಲಿ ಗಂಡ ಹೆಂಡತಿ ಹೊರಟುಬಿಟ್ಟಿದ್ದರು. ಅಳಿಯನ ಊರಿನವರೂ ಮುಳ್ಳು ಹಾಕಿ ಕೂತಿದ್ದರು. ಊರಿಗೊಬ್ಬ ಮಹಾರಾಜ ಇರುತ್ತಾನಲ್ಲ! ಹಾಗಾಗಿ ಇಲ್ಲಿಗೇ ಬರುತ್ತೇವೆ ಅಂದರು.

ಇವನು ಕಟ್ಟೆಗೆ ಓಡಿದ. ಈ ಸಲ ತಲೆಯ ಮೇಲೆ ಏನೂ ಇರಲಿಲ್ಲ, ಟವಲ್ಲು ಕೂಡ ಕೈಗೆ ಬಂದಿತ್ತು.

“ನೀನೇ ಅಲ್ವೇನ್ಲಾ ಅಪ್ಪಣೆ ಕೊಟ್ಟೋನು?” ಅಂದರು.

“ಅದು ನಾಟ್ಕದ್ ಮಾತು ಕಣ್ರಪ್ಪಾ.”

“ಮುಳ್ಳು ನಾಟ್ಕದ್ದಲ್ಲ ಓಗ್ಲಾ,” ಅಂದರು.

ನಾನೂ ಬಿಡಲಿಲ್ಲ. “ಗದೆ ಎತ್ಕಂಡೋಗಿ ಮಗಳ್ನ ಓಡ್ಸು,” ಅಂದೆ. ಅನ್ನಬಾರದಿತ್ತೇನೋ. ಅಂದೆ.

ಕೊನೆಗೆ ಅಧಿಕಾರಿಗಳೇ ಬಂದು ಮುಳ್ಳು ಸರಿಸಿ, ಹಾಗೆ ಬಂದವರನ್ನೆಲ್ಲ ಊರಾಚೆಯ ಸ್ಕೂಲಿನಲ್ಲಿ ಹದಿನಾಲ್ಕು ದಿನ ಇರಿಸಿದರು. ಮನೆಯವರು ಊಟವನ್ನು ಗೇಟಿನ ಹತ್ತಿರ ಇಟ್ಟು ಹಿಂದೆ ಸರಿಯಬೇಕು. ಒಳಗಿನಿಂದ ಮಗಳು ನನಗೆ ಫೋನು ಮಾಡಿದಳು. “ದೊಡ್ಡವ್ವ, ಮುಳ್ಳಾಕ್ಸಿದ್ದು ನಮ್ಮಪ್ಪನೇ ಅಂತೆ, ದಿಟವಾ?” “ಊ ಕಣವ್ವ,” ಅಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅವಳು ಫೋನು ಇಟ್ಟಳು. ಮೂರು ದಿನ ಇವನು ಊಟ ಇಟ್ಟು, ತಲೆ ಎತ್ತದೆ ವಾಪಸು ಬಂದ. ಅವಳೂ ಅವನು ಮರೆಯಾದ ಮೇಲೆಯೇ ಈಚೆ ಬಂದು ಕ್ಯಾರಿಯರ್ ತೆಗೆದುಕೊಳ್ಳುತ್ತಿದ್ದಳು.

ನಾಲ್ಕನೆಯ ದಿನ ಡ್ರೆಸ್ಸಿನವನ ಫೋನು. ಗಾಡಿ ಬಿಡುತ್ತಿದ್ದಾರೆ, ನಾಳೆ ಬಂದು ಪೆಟ್ಟಿಗೆ ಒಯ್ಯುತ್ತೇನೆ ಅಂದ.

ಇವನು ಪೆಟ್ಟಿಗೆ ತೆರೆದ. ಮಟಮಟ ಹಗಲಲ್ಲೇ ವೇಷ ಕಟ್ಟತೊಡಗಿದ. ಬಣ್ಣ ಬಳಿಯುವವನಿಲ್ಲ, ಹೆಂಡತಿಯೇ ಪೌಡರು ಮೆತ್ತಿ ಕುಂಕುಮ ತೀಡಿದಳು. ಹುಚ್ಚನೆಂದು ಯಾರಾದರೂ ಕಲ್ಲು ಬೀಸಿಯಾರೆಂದು ನಾನೂ ಜೊತೆಗೆ ಹೋದೆ.

ನಮ್ಮ ಕಡೆ ನಾಟಕವೆಂದರೆ ಝಗಝಗ ದೀಪ, ಹಾರ್ಮೋನಿಯಂ, ಮೈಕು. ಇದು ನಡುಮಧ್ಯಾಹ್ನ, ಕೊಯ್ದ ಗದ್ದೆಯ ಕೂಳೆಯ ನಡುವೆ! ಸ್ಕೂಲಿನ ಕಾಂಪೌಂಡಿನ ಈಚೆ ನಿಂತು ಪದ್ಯ ಎತ್ತಿದ. ಅಬ್ಬಾ, ಆ ಕಂಠ! ಕೇಳಿದರೆ ಹಸು ಹಾಲಿಳಿಸುವುದಿಲ್ಲ. ಆದರೂ ಇದ್ದದ್ದು ಹೇಳಬೇಕು, ಮನುಷ್ಯ ರಾಜನ ಹಾಗೇ ನಿಂತಿದ್ದ. ಒಳಗಿದ್ದವರೆಲ್ಲ ಜಗುಲಿಗೆ ಬಂದು ಚಪ್ಪಾಳೆ ತಟ್ಟಿದರು. ಊರಿನ ಗಂಡಸರೂ ಒಬ್ಬೊಬ್ಬರಾಗಿ ಬಂದು ಬದುವಿನ ಮೇಲೆ ದೂರದೂರ ಕೂತರು.

ಮಗಳು ಮಾತ್ರ ಕಂಬ ಹಿಡಿದು ನಿಂತಿದ್ದಳು. ಚಪ್ಪಾಳೆ ಇಲ್ಲ, ನಗು ಇಲ್ಲ. ಇವನು ಅವಳ ಕಡೆ ನೋಡದೆ ಎರಡನೆಯ ಪದ್ಯಕ್ಕೆ ಬಂದ. ಶತ್ರುಗಳನ್ನೆಲ್ಲ ಸಂಹರಿಸುತ್ತೇನೆಂದು ಗದೆ ಮೇಲೆತ್ತಿದ ಹೊತ್ತಿಗೆ ಅವಳು ಕೂಗಿದಳು:

“ಅಪ್ಪಾ! ಉಂಡ್ಯಾ?”

ಗದೆ ಮೇಲೆಯೇ ನಿಂತಿತು. ಈ ಮಾತಿಗೆ ಯಾವ ರಾಜನ ಪಾರ್ಟಿನಲ್ಲೂ ಉತ್ತರ ಬರೆದಿರುವುದಿಲ್ಲ. ಅವನು ಗದೆ ಇಳಿಸಿದ.

“ಇಲ್ಲ ಕಣವ್ವ. ನೀ ಬಂದಾಗ್ಲಿಂದ ಸೇರ್ತಾನೇ ಇಲ್ಲ.”

“ಮೊದ್ಲು ಉಣ್ಣು. ಉಳ್ದಿದ್ ಪದ್ಯ ಆಮೇಲೆ ಏಳೀವಂತೆ. ನಾ ಎಲ್ಗೂ ಓಗಕಿಲ್ಲ,” ಅಂದಳು.

ನಾನು ಮನೆಗೆ ಹೋಗಿ ಮುದ್ದೆ, ಸೊಪ್ಪಿನ ಸಾರು ತಂದೆ. ಅವಳು ಜಗುಲಿಯಲ್ಲಿ ತನ್ನ ಕ್ಯಾರಿಯರ್ ಬಿಚ್ಚಿದಳು, ಇವನು ಕೂಳೆಯ ಮೇಲೆ ಕಾಲು ಚಾಚಿ ಕೂತ. ಇಪ್ಪತ್ತು ಮಾರು ದೂರದಲ್ಲಿ ಅಪ್ಪ ಮಗಳು ಒಟ್ಟಿಗೆ ಉಂಡರು. ಅವಳನ್ನೇ ನೋಡುತ್ತ ಚಮಕಿ ಅಂಗಿಯ ತುಂಬ ಸಾರು ಚೆಲ್ಲಿಕೊಳ್ಳುತ್ತಿದ್ದ. ಬೇರೆ ದಿನವಾಗಿದ್ದರೆ ಅವನ ಮಾನ ತೆಗೆಯುತ್ತಿದ್ದೆ. ಅವತ್ತು ಸೆರಗು ಮೇಲಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ಮುದ್ದೆ ಹಾಕಿದೆ.